ಬ್ಯಾಕಪ್ಪಿಗೂ ಹೂಂಗುಟ್ಟುವವರು ಬೇಕು

ಯುಪಿಐನಲ್ಲಿ ದುಡ್ಡು ಕಳಿಸುವಾಗ ಚಕ್ರ ತಿರುಗಿ ತಿರುಗಿ ಕೊನೆಗೆ ನಿಂತುಬಿಡುವುದನ್ನ ನೀವೂ ನೋಡಿರ್ತೀರಿ. ದುಡ್ಡು ಹೋಯ್ತಾ, ಇಲ್ವಾ? ಅಂಗಡಿಯವರು 'ಬಂದಿಲ್ಲ' ಅಂತಾರೆ, ಬ್ಯಾಂಕಿನ ಮೆಸೇಜು 'ಕಟ್ ಆಗಿದೆ' ಅನ್ನುತ್ತೆ. ಇದೇ ಟೈಮ್‌ಔಟ್. 'ಇಷ್ಟು ಹೊತ್ತು ಕಾದೆ, ಆ ಕಡೆಯಿಂದ ಏನೂ ಕೇಳಿಸಲಿಲ್ಲ, ಇನ್ನು ಕಾಯಲ್ಲ' ಅನ್ನೋದಷ್ಟೇ ಅದರ ಅರ್ಥ. ಕೆಲಸ ಆಗಲಿಲ್ಲ ಅಂತ ಅದು ಹೇಳ್ತಿಲ್ಲ. ಯಾರ ತಪ್ಪು ಅಂತಲೂ ಹೇಳ್ತಿಲ್ಲ.

ಈ ಸಣ್ಣ ವ್ಯತ್ಯಾಸ ಮರೆತರೆ ಏನಾಗುತ್ತೆ ಅನ್ನೋದನ್ನ ಈ ಸಲ ಸರ್ವರ್ ಬ್ಯಾಕಪ್ ಇಟ್ಟುಕೊಂಡು ಹೇಳ್ತೀನಿ. ಓದುಗರಲ್ಲಿ ಎಷ್ಟೋ ಜನ ಆಫೀಸಿನಲ್ಲಿ ಇದೇ ಕೆಲಸ ಮಾಡೋರು. ಉಳಿದವರೂ ಬಿಡಿ, 'ನೀನು ಕಂಪ್ಯೂಟರ್ ಓದಿದ್ದೀಯಲ್ಲ, ಸ್ವಲ್ಪ ನೋಡು' ಅಂತ ಮಾವನ ಅಂಗಡಿಗೋ, ಚಿಕ್ಕಮ್ಮನ ಶಾಲೆಗೋ ಕರೆಸಿಕೊಂಡವರೇ.

ಮೂರು ದೂರು, ಮೂರು ಅರ್ಥ

ಬ್ಯಾಕಪ್ ಫೇಲ್ ಆದಾಗ ಎಲ್ಲರೂ 'ನೆಟ್‌ವರ್ಕ್ ಪ್ರಾಬ್ಲಂ' ಅಂದುಬಿಡ್ತಾರೆ. ಆದರೆ ಲಾಗ್‌ನಲ್ಲಿ ಸಾಮಾನ್ಯವಾಗಿ ಸಿಗುವ ದೂರುಗಳು ಮೂರು ಥರ. ಯಾರದೋ ಮನೆಗೆ ಹೋಗಿ ಬೆಲ್ ಒತ್ತಿದ್ದೀರಿ ಅಂದುಕೊಳ್ಳಿ.

'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಬಾಗಿಲು ತೆಗೆದವರು 'ಅಂಥವರು ಇಲ್ಲಿ ಯಾರೂ ಇಲ್ಲ' ಅಂದರು. ದಾರಿ ಸರಿಯಾಗಿದೆ, ಮನೆಯೂ ಸಿಕ್ಕಿದೆ, ನಿಮಗೆ ಬೇಕಾದ ಸರ್ವಿಸ್ ಮಾತ್ರ ಅಲ್ಲಿ ಓಡ್ತಿಲ್ಲ.

'ಕನೆಕ್ಷನ್ ರೀಸೆಟ್' ಅಂದರೆ ಮಾತಾಡುತ್ತಿದ್ದಾಗಲೇ ದಡಾರ್ ಅಂತ ಬಾಗಿಲು ಹಾಕಿದರು. ಆ ಕಡೆಯ ಪ್ರೋಗ್ರಾಂ ಸತ್ತಿರಬಹುದು, ಮಧ್ಯದ ಫೈರ್‌ವಾಲ್ ಮಾತು ಕತ್ತರಿಸಿರಬಹುದು.

'ಕನೆಕ್ಷನ್ ಟೈಮ್ಡ್ ಔಟ್' ಅಂದರೆ ಯಾರೂ ಏನೂ ಹೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ವೋ, ಬೆಲ್ ಕೆಟ್ಟಿದೆಯೋ, ಒಳಗಿಂದ ಅವರು 'ಬಂದೆ ಬಂದೆ' ಅಂದಿದ್ದು ನಿಮಗೆ ಕೇಳಿಸಲಿಲ್ವೋ ಗೊತ್ತಿಲ್ಲ.

ಮೊದಲ ಎರಡರಲ್ಲಿ ಉತ್ತರ ಬಂದಿದೆ, ಅದನ್ನ ಹಿಡಿದುಕೊಂಡು ಹೋಗಬಹುದು. ಮೂರನೆಯದರಲ್ಲಿ ಕೈಯಲ್ಲಿರುವುದು ಮೌನ ಮಾತ್ರ. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಟೈಮ್‌ಔಟ್ ಎಷ್ಟಕ್ಕೆ ಹೆಚ್ಚಿಸಲಿ?' ಅಂತಲ್ಲ. 'ಮೌನ ಯಾವಾಗ ಶುರುವಾಯ್ತು, ಯಾರು ಮೊದಲು ಸುಮ್ಮನಾದರು?' ಅಂತ.

ಹತ್ತೊಂಬತ್ತು ರಾತ್ರಿ

ಮಲೆನಾಡಿನ ಕಡೆ ಒಂದು ಸಣ್ಣ ನರ್ಸಿಂಗ್ ಹೋಮ್ ಇದೆ. ನಡೆಸುವವರು ನಮ್ಮಮ್ಮನ ಗೆಳತಿ, ನಾವೆಲ್ಲ ಡಾಕ್ಟರಮ್ಮ ಅಂತಲೇ ಕರೆಯೋದು. ಅಲ್ಲಿನ ಲ್ಯಾಬಿನ ಹನ್ನೊಂದು ವರ್ಷದ ರಿಪೋರ್ಟುಗಳೆಲ್ಲ ಮೆಟ್ಟಿಲ ಕೆಳಗಿನ ಒಂದು ಸರ್ವರ್‌ನಲ್ಲಿವೆ. ರಾತ್ರಿ 12:30ಕ್ಕೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ, ಎನ್‌ಕ್ರಿಪ್ಟ್ ಮಾಡಿ, ಮುಂಬೈನಲ್ಲಿ ಬಾಡಿಗೆಗೆ ತಗೊಂಡ ಸರ್ವರ್‌ಗೆ ಕಳಿಸುವ ಸ್ಕ್ರಿಪ್ಟ್ ಇದೆ. ಮೂರು ವರ್ಷ ತಕರಾರಿಲ್ಲದೆ ನಡೆದದ್ದು. ಆಮೇಲೆ ವಾರಕ್ಕೊಂದು ದಿನ ಟೈಮ್‌ಔಟ್, ಆಮೇಲೆ ಎರಡು ದಿನ, ಕೊನೆಗೆ ಪ್ರತಿ ರಾತ್ರಿ.

ಸಾಫ್ಟ್‌ವೇರ್ ಹಾಕಿಕೊಟ್ಟವರು 'ನಿಮ್ಮ ಇಂಟರ್ನೆಟ್ ಸರಿ ಇಲ್ಲ ಮೇಡಂ' ಅಂದರು. ಇಂಟರ್ನೆಟ್‌ನವರು ಬಂದು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ 'ನಮ್ಮ ಲೈನ್ ಫಸ್ಟ್ ಕ್ಲಾಸ್' ಅಂತ ಹೋದರು. ಸ್ಕ್ರಿಪ್ಟ್‌ನ ಒಟ್ಟು ಕಾಲಮಿತಿಯನ್ನ 4 ಗಂಟೆಯಿಂದ 8 ಗಂಟೆಗೆ ಏರಿಸಿದ್ದೂ ಆಯ್ತು. ಬೆಳಗಿನ ಜಾವ ನಾಲ್ಕು ದಾಟುತ್ತಿದ್ದಂತೆ ಮತ್ತೆ ಅದೇ ಸಾಲು.

'ನೋಡು ಮರಿ, ನಾವೇನೂ ಬದಲಾಯಿಸಿಲ್ಲ. ಮುಟ್ಟೇ ಇಲ್ಲ ಅದನ್ನ' ಅಂದರು ಡಾಕ್ಟರಮ್ಮ ಫೋನಿನಲ್ಲಿ. 'ಹಾರ್ಡ್ ಡಿಸ್ಕ್ ಬೇರೆ ಎರಡು ದಿನದಿಂದ ಕಟಕಟ ಅಂತಿದೆ.'

ಹಳೆಯ ರಿಪೋರ್ಟು ಹೋದರೆ ಅಷ್ಟೇನು ನಷ್ಟ ಅಂತ ನಾನೂ ಕೇಳಿದೆ. ಅವರು ಕಿಡ್ನಿ ರೋಗಿಗಳ ಉದಾಹರಣೆ ಕೊಟ್ಟರು. ಒಬ್ಬರ ರಕ್ತದಲ್ಲಿ ಇವತ್ತು ಕ್ರಿಯಾಟಿನಿನ್ 2.1 ಇದೆ ಅಂದುಕೋ. ಮೂರು ವರ್ಷದ ಹಿಂದೆ 2.0 ಇದ್ದರೆ ಅದೊಂದು ಕಥೆ, ನಿಧಾನಕ್ಕೆ ನಿಭಾಯಿಸಬಹುದು. ಆರು ತಿಂಗಳ ಹಿಂದೆ 1.2 ಇದ್ದರೆ ಅದೇ ಬೇರೆ ಕಥೆ, ತಡಮಾಡೋ ಹಾಗಿಲ್ಲ. 'ಇವತ್ತಿನ ನಂಬರ್ ಒಂದೇ ನನಗೆ ಅರ್ಧ ಸತ್ಯ. ಉಳಿದರ್ಧ ಆ ಡಬ್ಬದಲ್ಲಿದೆ' ಅಂದರು.

ಆ ಮಾತು ಕೇಳಿದ ಮೇಲೆ ನಾನು ಲಾಗ್ ಓದುವ ಮೊದಲು ಇನ್ನೊಂದು ನೋಡಿದೆ. ಮುಂಬೈ ಸರ್ವರ್‌ನಲ್ಲಿ ಹಳೆಯ ಬ್ಯಾಕಪ್‌ಗಳನ್ನ ಅಳಿಸುವ ನಿಯಮ ಏನಿದೆ? ಜಾಗ ತುಂಬಬಾರದು ಅಂತ ಎಲ್ಲರೂ ಅಂಥದ್ದೊಂದು ನಿಯಮ ಇಟ್ಟಿರ್ತಾರೆ. ಇಲ್ಲಿದ್ದದ್ದು '21 ದಿನ ದಾಟಿದ ಫೈಲ್ ಅಳಿಸು'. ಕೊನೆಯ ಒಳ್ಳೆಯ ಬ್ಯಾಕಪ್‌ಗೆ ಆವತ್ತಿಗೆ 19 ದಿನ. ಇನ್ನೆರಡು ದಿನ ಸುಮ್ಮನಿದ್ದಿದ್ದರೆ ಆ ಒಂದೇ ಒಂದು ಪ್ರತಿಯನ್ನೂ ಯಂತ್ರ ತಾನಾಗಿಯೇ ಅಳಿಸಿಬಿಡುತ್ತಿತ್ತು. ಈ ಕಡೆ ಡಿಸ್ಕ್ ಕಟಕಟ, ಆ ಕಡೆ ಖಾಲಿ ಫೋಲ್ಡರ್.

ಹಾಗಾಗಿ ಮೊದಲ ಪಾಠ ನೆಟ್‌ವರ್ಕ್‌ದಲ್ಲ. ಬ್ಯಾಕಪ್ ಫೇಲ್ ಆಗ್ತಿದೆ ಅಂತ ಗೊತ್ತಾದ ಕೂಡಲೇ ಮೊದಲು ಅಳಿಸುವ ಕೆಲಸ ನಿಲ್ಲಿಸಿ. ಆಮೇಲೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ ಕೈಯಾರೆ ಒಂದು ಪ್ರತಿ ತೆಗೀರಿ. ಲ್ಯಾಬಿನ ಟೆಕ್ನಿಷಿಯನ್ ಅಣ್ಣ ಸ್ಕೂಟರ್ ಹತ್ತಿ ಪೇಟೆಗೆ ಹೋಗಿ ಡಿಸ್ಕ್ ತಂದರು. ಅದರಲ್ಲಿ ಪ್ರತಿ ಇಳಿದ ಮೇಲೆಯೇ ನಾನು ಲಾಗ್ ತೆರೆದದ್ದು. ಇನ್ನು ಅಳಿಸುವ ನಿಯಮವನ್ನ ದಿನದ ಲೆಕ್ಕದಲ್ಲಿ ಇಡಬೇಡಿ, ಪ್ರತಿಗಳ ಲೆಕ್ಕದಲ್ಲಿಡಿ. 'ಕೊನೆಯ 7 ಒಳ್ಳೆಯ ಪ್ರತಿ ಯಾವತ್ತೂ ಇರಲಿ' ಅಂತಿದ್ದರೆ, ಹೊಸದು ಬರದಿದ್ದಾಗ ಹಳೆಯದೂ ಹೋಗಲ್ಲ.

2 ಗಂಟೆ 11 ನಿಮಿಷ 15 ಸೆಕೆಂಡ್

ಲಾಗ್‌ನಲ್ಲಿ ನಾನು ಹುಡುಕಿದ್ದು ಎರಡೇ ಸಮಯ. ಫೈಲ್ ಪೂರ್ತಿ ಕಳಿಸಿ ಮುಗಿದದ್ದು ಯಾವಾಗ, ಸ್ಕ್ರಿಪ್ಟ್ ಕೈಚೆಲ್ಲಿದ್ದು ಯಾವಾಗ. ಮೂರು ರಾತ್ರಿಯ ಲೆಕ್ಕ ಹೀಗಿತ್ತು:

ಸೋಮವಾರ: ಕಳಿಸಿದ್ದು 1:55:10ಕ್ಕೆ, ಟೈಮ್‌ಔಟ್ 4:06:25ಕ್ಕೆ.
ಮಂಗಳವಾರ: ಕಳಿಸಿದ್ದು 1:55:52ಕ್ಕೆ, ಟೈಮ್‌ಔಟ್ 4:07:07ಕ್ಕೆ.
ಬುಧವಾರ: ಕಳಿಸಿದ್ದು 1:57:31ಕ್ಕೆ, ಟೈಮ್‌ಔಟ್ 4:08:46ಕ್ಕೆ.

ಕಳೆದು ನೋಡಿ. ಮೂರೂ ದಿನ 2 ಗಂಟೆ 11 ನಿಮಿಷ 15 ಸೆಕೆಂಡ್. ಕೆಟ್ಟ ಲೈನಿಗೆ ಇಷ್ಟು ಶಿಸ್ತು ಇರಲ್ಲ. ಮಳೆಗೆ, ಹಳೆಯ ಕೇಬಲ್ಲಿಗೆ ಸೆಕೆಂಡ್ ಲೆಕ್ಕ ಗೊತ್ತಿಲ್ಲ. ಇಷ್ಟು ಕರಾರುವಾಕ್ಕಾಗಿದ್ದರೆ ಎಲ್ಲೋ ಯಾರೋ ಬರೆದಿಟ್ಟ ನಿಯಮ ಕೆಲಸ ಮಾಡ್ತಿದೆ ಅಂತಲೇ ಅರ್ಥ.

ಈ ನಿಯಮ ಲಿನಕ್ಸ್‌ನದೇ. ಟಿಸಿಪಿ ಕನೆಕ್ಷನ್ ಒಂದರಲ್ಲಿ ಎರಡೂ ಕಡೆ ಮೌನ ಇದ್ದರೆ, ಲಿನಕ್ಸ್ 7,200 ಸೆಕೆಂಡ್, ಅಂದರೆ 2 ಗಂಟೆ ಕಾಯುತ್ತೆ. ಆಮೇಲೆ 'ಇದ್ದೀಯಾ?' ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತೆ. ಇದಕ್ಕೆ ಕೀಪ್‌ಅಲೈವ್ ಅಂತ ಹೆಸರು. ಉತ್ತರ ಬರದಿದ್ದರೆ 75 ಸೆಕೆಂಡಿಗೊಂದರಂತೆ ಒಟ್ಟು 9 ಸಲ ಕೇಳಿ, ಕೊನೆಗೆ ಕನೆಕ್ಷನ್ ಸತ್ತಿದೆ ಅಂತ ತೀರ್ಮಾನಿಸುತ್ತೆ. ಒಂಬತ್ತು ಎಪ್ಪತ್ತೈದಲಿ 675 ಸೆಕೆಂಡ್. 7,200ಕ್ಕೆ ಅದನ್ನ ಕೂಡಿದರೆ 7,875. ಅದೇ 2 ಗಂಟೆ 11 ನಿಮಿಷ 15 ಸೆಕೆಂಡ್. ನಿಮ್ಮ ಲಾಗ್‌ನಲ್ಲಿ ಈ ಅಂತರ ಕಂಡರೆ ಬೇರೆ ಏನನ್ನೂ ಬೈಯಬೇಡಿ. ಮೌನ ಶುರುವಾದ ಜಾಗಕ್ಕೆ ಹೋಗಿ.

ಅಂದರೆ ಇಲ್ಲಿ ತೊಂದರೆ ಆಗಿದ್ದು 4:06ಕ್ಕಲ್ಲ. 1:55ಕ್ಕೆ, ಫೈಲ್ ಕಳಿಸಿ ಮುಗಿದ ಮರುಗಳಿಗೆಯಲ್ಲಿ.

ಸುಮ್ಮನಿದ್ದಷ್ಟು ಹೊತ್ತು

1:55ಕ್ಕೆ ಸ್ಕ್ರಿಪ್ಟ್ ಏನು ಮಾಡುತ್ತೆ ಅಂತ ನೋಡಿದೆ. ಫೈಲ್ ಹೋದ ಮೇಲೆ ಅದೇ ಕನೆಕ್ಷನ್‌ನಲ್ಲಿ ಮುಂಬೈ ಸರ್ವರ್‌ಗೆ 'ಬಂದ ಫೈಲನ್ನ ಪೂರ್ತಿ ಓದಿ, ಅದರ ಶಾ-256 ಚೆಕ್‌ಸಮ್ ಲೆಕ್ಕ ಹಾಕಿ ಹೇಳು' ಅನ್ನುತ್ತೆ. ಈ ಕಡೆಯ ಚೆಕ್‌ಸಮ್‌ಗೆ ಅದು ಹೊಂದಿದರೆ ಬ್ಯಾಕಪ್ ಪಾಸ್. ಒಳ್ಳೆಯ ಅಭ್ಯಾಸ, ಬರೆದವರು ಬುದ್ಧಿವಂತರೇ.

ಆದರೆ ಆ ಲೆಕ್ಕ ಮುಗಿಯೋವರೆಗೆ ಲೈನಿನಲ್ಲಿ ಒಂದು ಬೈಟೂ ಓಡಾಡಲ್ಲ. ಆ ಬಾಡಿಗೆ ಸರ್ವರ್‌ನ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತೆ. ಫೈಲ್ 20 ಜಿಬಿ ಇದ್ದಾಗ 200 ಸೆಕೆಂಡ್, ಮೂರು ನಿಮಿಷ ಚಿಲ್ಲರೆ. ಈಗ ಅದು ಬೆಳೆದು 32 ಜಿಬಿ ಆಗಿದೆ. 320 ಸೆಕೆಂಡ್, ಐದು ನಿಮಿಷ ದಾಟಿದೆ.

'ನಾವೇನೂ ಬದಲಾಯಿಸಿಲ್ಲ' ಅಂದಿದ್ದರಲ್ಲ ಡಾಕ್ಟರಮ್ಮ, ಅದು ನಿಜ. ಯಾರೂ ಏನೂ ಮುಟ್ಟಿರಲಿಲ್ಲ. ಡೇಟಾ ದಿನಾ ಬೆಳೆದಿತ್ತು, ಅಷ್ಟೇ.

ಹಾಗಾದರೆ ಐದು ನಿಮಿಷಕ್ಕೆ ಏನಾಗುತ್ತೆ? ಈ ಎರಡು ಸರ್ವರ್‌ಗಳ ಮಧ್ಯೆ ರೂಟರ್, ಇಂಟರ್ನೆಟ್ ಕಂಪನಿಯ ಯಂತ್ರ ಹೀಗೆ ಹಲವು ಇರುತ್ತವೆ. ಐಪಿ ವಿಳಾಸಗಳು ಸಾಲದೆ ಎಷ್ಟೋ ಮನೆ, ಆಫೀಸುಗಳು ಒಂದೇ ಹೊರವಿಳಾಸ ಹಂಚಿಕೊಳ್ಳುತ್ತವೆ. ಇದನ್ನ ಮಾಡುವ ವ್ಯವಸ್ಥೆಗೆ ನ್ಯಾಟ್ ಅಂತಾರೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ರಿಜಿಸ್ಟರ್ ಥರ ಅದು. ಯಾರ ಮನೆಯಿಂದ ಯಾರು ಹೊರಗೆ ಹೋದರು ಅಂತ ಬರೆದಿಟ್ಟುಕೊಂಡು, ವಾಪಸ್ ಬಂದವರನ್ನ ಅದೇ ಮನೆಗೆ ಬಿಡುತ್ತೆ. ಆದರೆ ಪುಟಗಳು ಸೀಮಿತ. ಸ್ವಲ್ಪ ಹೊತ್ತು ಓಡಾಟ ಇಲ್ಲದ ಹೆಸರುಗಳನ್ನ ಅಳಿಸಿ ಜಾಗ ಮಾಡಿಕೊಳ್ಳುತ್ತೆ. ಹೆಸರು ಅಳಿಸಿದ ಮೇಲೆ ಮುಂಬೈನಿಂದ 'ಚೆಕ್‌ಸಮ್ ಸರಿಯಾಗಿದೆ' ಅಂತ ಉತ್ತರ ಬಂದರೂ, ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ಬಿಸಾಡುತ್ತೆ. ಈ ಕಡೆಯವರಿಗೂ ತಿಳಿಸಲ್ಲ, ಆ ಕಡೆಯವರಿಗೂ ತಿಳಿಸಲ್ಲ.

ಎಷ್ಟು ಹೊತ್ತಿಗೆ ಅಳಿಸಬೇಕು ಅನ್ನೋದಕ್ಕೆ ಶಿಫಾರಸು ಇದೆ. 2008ರ ಆರ್‌ಎಫ್‌ಸಿ 5382 ಪ್ರಕಾರ, ನಡೆಯುತ್ತಿರುವ ಟಿಸಿಪಿ ಕನೆಕ್ಷನ್ ಸುಮ್ಮನಿದ್ದರೂ ಕನಿಷ್ಠ 2 ಗಂಟೆ 4 ನಿಮಿಷ ನೆನಪಿಟ್ಟುಕೊಳ್ಳಬೇಕು. ಮೇಲೆ ಹೇಳಿದ 2 ಗಂಟೆಯ ಕೀಪ್‌ಅಲೈವ್ ಬರಲಿ ಅಂತಲೇ ಆ ಲೆಕ್ಕ. ವಾಸ್ತವದಲ್ಲಿ ಎಲ್ಲರೂ ಅಷ್ಟು ಉದಾರಿಗಳಲ್ಲ. ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತೆ. ಅಜೂರ್‌ನ ಲೋಡ್ ಬ್ಯಾಲೆನ್ಸರ್ ಡೀಫಾಲ್ಟ್ ಆಗಿ 4 ನಿಮಿಷಕ್ಕೆ. ಇವೆಲ್ಲ ಅವರವರ ದಾಖಲೆಯಲ್ಲೇ ಬರೆದಿದೆ, ಗುಟ್ಟೇನಲ್ಲ.

ನಮ್ಮ ದಾರಿಯ ಮಿತಿ ಎಷ್ಟು ಅಂತ ಅಳೆಯೋದು ಸುಲಭ. ಎಸ್‌ಎಸ್‌ಎಚ್‌ನಲ್ಲಿ ಆ ಕಡೆಗೆ ಹೋಗಿ, '4 ನಿಮಿಷ ಮಲಗಿ ಎದ್ದು ನಮಸ್ಕಾರ ಅನ್ನು' ಅಂತ ಒಂದು ಸಾಲಿನ ಕಮಾಂಡ್ ಕೊಟ್ಟೆ. ನಮಸ್ಕಾರ ಬಂತು. 6 ನಿಮಿಷ ಅಂದೆ. ಬರಲೇ ಇಲ್ಲ. 5 ನಿಮಿಷದ ಆಸುಪಾಸಿನಲ್ಲಿ ಗೆರೆ ಇದೆ ಅಂತ ಖಾತ್ರಿ ಆಯ್ತು. 30 ಜಿಬಿಯ ಹತ್ತಿರ ಇದ್ದಾಗ ಒಂದು ದಿನ ಪಾಸ್, ಒಂದು ದಿನ ಫೇಲ್ ಆಗಿದ್ದೂ ಇದಕ್ಕೇ. ಇಡೀ ಪರೀಕ್ಷೆಗೆ ಬೇಕಾಗಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಸಮಯ.

ಇನ್ನೊಂದು ಬಾಕಿ ಇತ್ತು. ಆ ರಾತ್ರಿ ನಾಲ್ಕೂವರೆಗೆ ಅಲಾರಾಂ ಇಟ್ಟು ಎದ್ದು ಮುಂಬೈ ಸರ್ವರ್‌ನ ಫೋಲ್ಡರ್ ನೋಡಿದೆ. ಫೇಲ್ ಅಂತ ಬರೆದಿದ್ದ ಫೈಲ್ ಅಲ್ಲೇ ಇತ್ತು. ಅಳತೆ ಸರಿ. ಚೆಕ್‌ಸಮ್ ಸರಿ. ಒಂದು ಬಿಟ್ ಕೂಡ ಕಡಿಮೆ ಇಲ್ಲ. ಬೆಳಗ್ಗೆ 6 ಗಂಟೆಗೆ ಇನ್ನೊಂದು ಸ್ಕ್ರಿಪ್ಟ್ ಎದ್ದು 'ಅರ್ಧಂಬರ್ಧ ಫೈಲ್' ಅಂತ ಅದನ್ನ ಅಳಿಸುತ್ತಿತ್ತು. ಹತ್ತೊಂಬತ್ತು ರಾತ್ರಿಯೂ ಪೂರ್ತಿಯಾಗಿ ತಲುಪಿದ ಬ್ಯಾಕಪ್ಪನ್ನ ಹತ್ತೊಂಬತ್ತು ಬೆಳಗ್ಗೆ ಕಸಕ್ಕೆ ಹಾಕಲಾಗಿತ್ತು. ಟೈಮ್‌ಔಟ್ ಅಂದರೆ 'ಆಗಲಿಲ್ಲ' ಅಂತ ಓದಿಕೊಂಡರೆ ಹೀಗಾಗುತ್ತೆ.

ಪರಿಹಾರ

ಅಜ್ಜಿ ಕಥೆ ಹೇಳುವಾಗ ನಾವು 'ಹೂಂ', 'ಹೂಂ' ಅಂತಿರಬೇಕಿತ್ತು. ಹೂಂಗುಟ್ಟೋದು ನಿಂತರೆ ಮಗು ಮಲಗಿತು ಅಂತ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಸರ್ವರ್‌ಗಳಿಗೂ ಇದೇ ಬೇಕು. ಎಸ್‌ಎಸ್‌ಎಚ್‌ನಲ್ಲಿ 'ಸರ್ವರ್ ಅಲೈವ್ ಇಂಟರ್‌ವಲ್' ಅಂತ ಒಂದು ಸೆಟ್ಟಿಂಗ್ ಇದೆ. ಅದಕ್ಕೆ 60 ಅಂತ ಕೊಟ್ಟರೆ, ಆ ಕಡೆಯಿಂದ 60 ಸೆಕೆಂಡ್ ಏನೂ ಬರದಿದ್ದಾಗ ನಮ್ಮ ಕಡೆಯಿಂದ 'ಇದ್ದೀಯಾ?' ಹೋಗುತ್ತೆ, ಉತ್ತರ ಬರುತ್ತೆ. ವಾಚ್‌ಮನ್ ರಿಜಿಸ್ಟರ್‌ನಲ್ಲಿ ಹೆಸರು ಉಳಿಯುತ್ತೆ. ಜೊತೆಯ 'ಕೌಂಟ್ ಮ್ಯಾಕ್ಸ್' ಡೀಫಾಲ್ಟ್ 3. ಮೂರು ಸಲ ಉತ್ತರ ಬರದಿದ್ದರೆ ಬಿಟ್ಟುಬಿಡುತ್ತೆ. ಅಂದರೆ ಲೈನ್ ನಿಜವಾಗಿ ಸತ್ತರೆ ಎರಡು ಗಂಟೆ ಕಾಯದೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತೆ.

ಆ ರಾತ್ರಿ ಬ್ಯಾಕಪ್ ಪಾಸಾಯ್ತು. ಆದರೆ ಅಷ್ಟಕ್ಕೇ ಬಿಡಬಾರದು ಅಂತ ಇನ್ನೂ ಮೂರು ಕೆಲಸ ಮಾಡಿದೆವು.

ಒಂದು, ಲೆಕ್ಕ ಮುಗಿಯೋವರೆಗೆ ಲೈನ್ ಹಿಡಿದು ಕಾಯೋದನ್ನ ಬಿಟ್ಟೆವು. 'ಲೆಕ್ಕ ಹಾಕಿ ಒಂದು ಫೈಲಿನಲ್ಲಿ ಬರೆದಿಡು' ಅಂತ ಹೇಳಿ ಫೋನ್ ಇಡೋದು, ಹತ್ತು ನಿಮಿಷ ಬಿಟ್ಟು ಮತ್ತೆ ಕರೆದು ಫಲಿತಾಂಶ ಕೇಳೋದು. ನಾಳೆ ಫೈಲ್ ಎಷ್ಟೇ ಬೆಳೆದರೂ ಈ ತೊಂದರೆ ಬರಲ್ಲ.

ಎರಡು, ಪ್ರತಿ ರಾತ್ರಿ ಇಡೀ ಗಂಟು ಹೊರೋದನ್ನ ನಿಲ್ಲಿಸಿದೆವು. 32 ಜಿಬಿಯನ್ನ 50 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸೋಕೆ 85 ನಿಮಿಷ ಬೇಕು. ಜಿಬಿ ಬೈಟ್‌ನಲ್ಲಿ, ಎಂಬಿಪಿಎಸ್ ಬಿಟ್‌ನಲ್ಲಿ, ಹಾಗಾಗಿ 8ರಿಂದ ಗುಣಿಸೋದು ಮರೀಬೇಡಿ. ರೆಸ್ಟಿಕ್, ಬೋರ್ಗ್ ಥರದ ಉಚಿತ ಟೂಲ್‌ಗಳು ಡೇಟಾವನ್ನ ತುಂಡು ಮಾಡಿ, ಎನ್‌ಕ್ರಿಪ್ಟ್ ಮಾಡಿ, ಹೊಸ ತುಂಡುಗಳನ್ನ ಮಾತ್ರ ಕಳಿಸುತ್ತವೆ. ಆರ್‌ಸಿಂಕ್ ಬಳಸುವವರು 'ಪಾರ್ಶಿಯಲ್' ಆಯ್ಕೆ ಹಾಕಿಕೊಂಡರೆ, ಮಧ್ಯದಲ್ಲಿ ಕಡಿದುಹೋದ ಫೈಲನ್ನ ಬಿಸಾಡದೆ ಮುಂದಿನ ಪ್ರಯತ್ನಕ್ಕೆ ಉಳಿಸಿಕೊಳ್ಳುತ್ತೆ.

ಮೂರು, ಒಂದೇ 'ಟೈಮ್‌ಔಟ್' ಅನ್ನೋದನ್ನ ಮೂರಾಗಿ ಬರೆದೆವು. ಬಾಗಿಲು ತೆಗೆಯೋಕೆ ಎಷ್ಟು ಕಾಯೋದು, ಮಾತಿನ ಮಧ್ಯೆ ಮೌನ ಎಷ್ಟು ಸಹಿಸೋದು, ಒಟ್ಟು ಕೆಲಸಕ್ಕೆ ಎಷ್ಟು ಕೊಡೋದು. ಮೊದಲನೆಯದಕ್ಕೆ 10 ಸೆಕೆಂಡ್ ಸಾಕು. ಕೊನೆಯದಕ್ಕೆ ಗಂಟೆಗಳು ಬೇಕು. ಹಿಂದೆ 4 ಗಂಟೆಯನ್ನ 8 ಮಾಡಿದರೂ ಏನೂ ಆಗದಿದ್ದಕ್ಕೆ ಕಾರಣ, ಕೆಟ್ಟಿದ್ದು ಎರಡನೆಯದು, ತಿರುಗಿಸಿದ್ದು ಮೂರನೆಯದು.

ನಿಮ್ಮ ಟೈಮ್‌ಔಟ್ ಯಾವ ಜಾತಿಯದು?

ಎಲ್ಲರದ್ದೂ ಇದೇ ಕಥೆ ಅಲ್ಲ. ನಾನು ಮೊದಲು ನೋಡೋದು, ಏನು ಪುನರಾವರ್ತನೆ ಆಗ್ತಿದೆ ಅಂತ.

*ಅಂತರ ಒಂದೇ ಇದ್ದರೆ* ನಿಯಮ. 60 ಸೆಕೆಂಡ್, 350 ಸೆಕೆಂಡ್, 2 ಗಂಟೆ 11 ನಿಮಿಷ, ಇಂಥ ದುಂಡು ಅಥವಾ ವಿಚಿತ್ರ ಸಂಖ್ಯೆ ಪ್ರತಿ ಸಲ ಬಂದರೆ ದಾರಿಯಲ್ಲಿರುವ ಒಂದೊಂದೇ ಯಂತ್ರದ ಸೆಟ್ಟಿಂಗ್ ಓದಿ.

*ಅಳತೆ ಒಂದೇ ಇದ್ದರೆ* ದಾರಿಯ ಅಗಲ. ಲಾಗಿನ್ ಆಗುತ್ತೆ, ಸಣ್ಣ ಕಮಾಂಡ್‌ಗೆ ಉತ್ತರ ಬರುತ್ತೆ, ದೊಡ್ಡ ಫೈಲ್ ಕಳಿಸಿದ ಕೂಡಲೇ ಸೊನ್ನೆ ಪರ್ಸೆಂಟ್‌ನಲ್ಲಿ ನಿಲ್ಲುತ್ತೆ. ಇದು ಎಂಟಿಯು ತೊಂದರೆ ಇರಬಹುದು. ಸಾಮಾನ್ಯ ಈಥರ್ನೆಟ್ ಪ್ಯಾಕೆಟ್ 1500 ಬೈಟ್. ಪಿಪಿಪಿಒಇ ಬಳಸುವ ಬ್ರಾಡ್‌ಬ್ಯಾಂಡ್ ಅದರಲ್ಲಿ 8 ಬೈಟ್ ತಿಂದು 1492 ಬಿಡುತ್ತೆ, ವಿಪಿಎನ್ ಇದ್ದರೆ ಇನ್ನೂ ಕಡಿಮೆ. 'ಪ್ಯಾಕೆಟ್ ದೊಡ್ಡದಾಯ್ತು' ಅಂತ ವಾಪಸ್ ಬರಬೇಕಾದ ಐಸಿಎಂಪಿ ಸಂದೇಶವನ್ನ ಫೈರ್‌ವಾಲ್ ತಡೆದಿದ್ದರೆ ಕಳಿಸಿದವರಿಗೆ ಗೊತ್ತೇ ಆಗಲ್ಲ. ಪಿಂಗ್‌ಗೆ 'ಒಡೆಯಬೇಡ' ಅಂತ ಹೇಳಿ 1472 ಬೈಟ್ ಕಳಿಸಿ ನೋಡಿ. ತಲೆಬರಹದ 28 ಸೇರಿ ಅದು 1500. ಅದು ಹೋಗದೆ 1464 ಹೋದರೆ ನಿಮ್ಮ ದಾರಿ 1492ರದು.

*ಗಡಿಯಾರದ ಹೊತ್ತು ಒಂದೇ ಇದ್ದರೆ* ಜನಜಂಗುಳಿ. ಎಲ್ಲರೂ ಬ್ಯಾಕಪ್ಪನ್ನ ಮಧ್ಯರಾತ್ರಿ ಸರಿಯಾಗಿ 12ಕ್ಕೇ ಇಡ್ತಾರೆ. 12:37ಕ್ಕೆ ಇಟ್ಟು ನೋಡಿ. ಫೇಲ್ ಆದ ಕೂಡಲೇ ಮತ್ತೆ ಮತ್ತೆ ನುಗ್ಗಿಸಬೇಡಿ. 1, 2, 4, 8 ನಿಮಿಷ ಹೀಗೆ ಬಿಡುವು ಹೆಚ್ಚಿಸುತ್ತಾ ಪ್ರಯತ್ನಿಸಿ. ಉತ್ತರ ಬರಲಿಲ್ಲ ಅಂತ ಎಲ್ಲರೂ ಒಟ್ಟಿಗೆ ಮತ್ತೆ ಕಳಿಸತೊಡಗಿದರೆ ಏನಾಗುತ್ತೆ ಅನ್ನೋದನ್ನ ಇಂಟರ್ನೆಟ್ 1986ರಲ್ಲೇ ಕಂಡಿದೆ. ಆ ವರ್ಷ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ಗೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಅದನ್ನ ಬೆನ್ನತ್ತಿದ ವ್ಯಾನ್ ಜೇಕಬ್ಸನ್ ಟಿಸಿಪಿಗೆ ತಾಳ್ಮೆ ಕಲಿಸಿದರು. ನಮ್ಮ ಸ್ಕ್ರಿಪ್ಟ್‌ಗೆ ನಾವೇ ಕಲಿಸಬೇಕು.

*ಏನೂ ಒಂದೇ ಇಲ್ಲದಿದ್ದರೆ* ಸಾಮಾನು. ಕೇಬಲ್, ಸ್ವಿಚ್‌ನ ಪೋರ್ಟ್, ವೈಫೈ, ಸಾಯುತ್ತಿರುವ ಡಿಸ್ಕ್. ಮೊದಲು ಕೇಬಲ್ ಬದಲಿಸಿ, ಅಗ್ಗದ ಪರೀಕ್ಷೆ ಅದು. ಎಂಟಿಆರ್ ಓಡಿಸಿದಾಗ ಮಧ್ಯದ ಯಾವುದೋ ಹಂತದಲ್ಲಿ ಪ್ಯಾಕೆಟ್ ನಷ್ಟ ಕಂಡು ಗಾಬರಿ ಬೇಡ. ಕೊನೆಯ ಹಂತದಲ್ಲಿ ನಷ್ಟ ಇಲ್ಲದಿದ್ದರೆ, ಮಧ್ಯದವರು ಪಿಂಗ್‌ಗೆ ಉತ್ತರಿಸೋಕೆ ಸೋಮಾರಿತನ ಮಾಡ್ತಿದ್ದಾರೆ ಅಷ್ಟೇ.

ಕೂಗದ ಅಲಾರಾಂ

ಡಾಕ್ಟರಮ್ಮ ಕೊನೆಗೆ ಕೇಳಿದ್ದು ನನಗೆ ತುಂಬ ಸರಿಯಾದ ಪ್ರಶ್ನೆ ಅನ್ನಿಸಿತು. 'ಹತ್ತೊಂಬತ್ತು ದಿನ ನಮಗ್ಯಾಕೆ ಯಾರೂ ಹೇಳಲಿಲ್ಲ?' ಹೇಳಿದ್ದರು. ಫೇಲ್ ಆದಾಗಲೆಲ್ಲ ಒಂದು ಈಮೇಲ್ ಹೋಗ್ತಿತ್ತು, ಕೆಲಸ ಬಿಟ್ಟು ಹೋದ ಒಬ್ಬರ ವಿಳಾಸಕ್ಕೆ. ಡಾಕ್ಟರಮ್ಮನಿಗೆ ಗೊತ್ತಾಗಿದ್ದು, ಟೆಕ್ನಿಷಿಯನ್ ಅಣ್ಣ ಬೇರೇನೋ ಹುಡುಕುವಾಗ ಆ ಸಾಲು ಕಣ್ಣಿಗೆ ಬಿದ್ದಿದ್ದರಿಂದ.

ಇದು ಸಣ್ಣ ಊರಿನ ತೊಂದರೆ ಅಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದಾಗ ಅವರು ಬ್ಯಾಕಪ್ ಹುಡುಕಿದರು. ಡೇಟಾಬೇಸ್ ಬ್ಯಾಕಪ್ ತೆಗೆಯುವ ಟೂಲ್‌ನ ಆವೃತ್ತಿ ಹೊಂದದೆ ಅದು ಫೇಲ್ ಆಗುತ್ತಲೇ ಇತ್ತು. ಆ ದೂರಿನ ಈಮೇಲ್‌ಗಳನ್ನ ಮೇಲ್ ವ್ಯವಸ್ಥೆಯೇ ತಿರಸ್ಕರಿಸಿತ್ತು. ಕೊನೆಗೆ ಉಳಿಸಿದ್ದು, ಬೇರೆ ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಯ ಡೇಟಾ ಹೋಯ್ತು. ಅವರು ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದ ನಮಗೆ ಇದೆಲ್ಲ ಗೊತ್ತು.

ಹಾಗಾಗಿ ಅಲಾರಾಂ ತಿರುವುಮುರುವು ಮಾಡಿ. 'ಫೇಲ್ ಆದರೆ ಹೇಳು' ಅಂತಿದ್ದರೆ, ಹೇಳುವವನೇ ಸತ್ತಾಗ ಎಲ್ಲ ಚೆನ್ನಾಗಿದೆ ಅಂತ ಕಾಣುತ್ತೆ. 'ಪಾಸ್ ಆದರೆ ದಿನಾ ಹೇಳು, ಬೆಳಗ್ಗೆ 7ರೊಳಗೆ ಬರದಿದ್ದರೆ ಇನ್ನೊಂದು ಯಂತ್ರ ಕೂಗು' ಅಂತಿಡಿ. ಈಗ ಅಲ್ಲಿ ಬೆಳಗ್ಗೆ ಮೆಸೇಜ್ ಬರದಿದ್ದರೆ ಟೆಕ್ನಿಷಿಯನ್ ಅಣ್ಣ, ಡಾಕ್ಟರಮ್ಮ ಇಬ್ಬರ ಫೋನೂ ಹೊಡೆದುಕೊಳ್ಳುತ್ತೆ.

ಇನ್ನು, ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನ ನಾನು ಲೆಕ್ಕಕ್ಕೇ ಹಿಡಿಯಲ್ಲ. ತಿಂಗಳಿಗೊಂದು ಸಲ ಯಾವುದಾದರೂ ಹಳೆಯ ರೋಗಿಯ ಒಂದು ರಿಪೋರ್ಟನ್ನ ಮುಂಬೈ ಪ್ರತಿಯಿಂದ ಬೇರೆ ಲ್ಯಾಪ್‌ಟಾಪ್‌ಗೆ ಇಳಿಸಿ, ಡೀಕ್ರಿಪ್ಟ್ ಮಾಡಿ, ಪರದೆಯ ಮೇಲೆ ಓದಬೇಕು ಅಂತ ನಿಯಮ ಮಾಡಿದ್ದೇವೆ. ಮೊದಲ ಸಲ ಮಾಡಿದಾಗ ಗೊತ್ತಾಗಿದ್ದು, ಡೀಕ್ರಿಪ್ಟ್ ಮಾಡುವ ಕೀ ಇರುವ ಒಂದೇ ಜಾಗ ಅದೇ ಕಟಕಟ ಡಿಸ್ಕ್ ಅಂತ! ಅದು ಸತ್ತಿದ್ದರೆ ಮುಂಬೈನಲ್ಲಿ ಇರೋದೆಲ್ಲ ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ಒಳಗೆ. ಈಗ ಕೀ ಕಾಗದದ ಮೇಲೆ ಪ್ರಿಂಟ್ ಆಗಿ ಡಾಕ್ಟರಮ್ಮನ ಮನೆಯ ಗಾಡ್ರೇಜ್ ಬೀರುವಿನಲ್ಲಿದೆ. ಸರ್ವರ್‌ನ ಡಿಸ್ಕೂ ಬದಲಾಗಿದೆ.

ಈ ಶನಿವಾರ ಬಿಡುವಿದ್ದರೆ, ನೀವು ನೋಡಿಕೊಳ್ಳುವ ಯಾವುದಾದರೂ ಒಂದು ಬ್ಯಾಕಪ್ ತೆರೆದು ನಾಲ್ಕು ಪ್ರಶ್ನೆ ಕೇಳಿ. ಕೊನೆಯ ಸಲ ಪಾಸಾಗಿದ್ದು ಯಾವತ್ತು? ಹಳೆಯದನ್ನ ಅಳಿಸುವ ನಿಯಮ ಏನು? ಫೇಲ್ ಆದರೆ ಯಾರ ಫೋನ್ ಬಡಿದುಕೊಳ್ಳುತ್ತೆ, ಅವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರಾ? ಒಂದು ಫೈಲನ್ನ ಈಗಲೇ ವಾಪಸ್ ತೆಗೆದು ಓದಬಹುದಾ? ನಾಲ್ಕಕ್ಕೂ ಉತ್ತರ ಸಿಕ್ಕರೆ ನೆಮ್ಮದಿಯಿಂದ ಊಟ ಮಾಡಿ. ಒಂದಕ್ಕೆ ಸಿಗದಿದ್ದರೂ ಊಟಕ್ಕೆ ಮುಂಚೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹುಡುಕಿ.